ಗ್ರಂಥಾಲಯಕ್ಕೆ ಶಾಮಿಯಾನ ಬೇಡ, ಜಮಖಾನ ಸಾಕು

ಮಾನ್ಯ ಸಂಪಾದಕರೇ,

ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಸಣ್ಣ ಊರುಗಳ ಶಾಖಾ ಗ್ರಂಥಾಲಯಗಳಲ್ಲಿ ಅದರ ಆಚರಣೆ ಹೇಗಿರುತ್ತದೆಂದು ಓದುಗರಿಗೆ ಗೊತ್ತೇ ಇದೆ. ಬಾಗಿಲ ಮುಂದೆ ಶಾಮಿಯಾನ ಬೀಳುತ್ತದೆ. ಹತ್ತಿರದ ಎರಡು ಶಾಲೆಗಳಿಂದ ಮಕ್ಕಳನ್ನು ಸಾಲಾಗಿ ಕರೆತಂದು ಕೂರಿಸುತ್ತಾರೆ. 10 ಗಂಟೆಯ ಸಮಾರಂಭ ಅತಿಥಿಗಳು ಬಂದ ಮೇಲೆ, ಹನ್ನೊಂದೂವರೆಗೆ ಶುರುವಾಗುತ್ತದೆ. ಇರುವ ಒಬ್ಬ ಗ್ರಂಥಪಾಲಕರೂ ಒಬ್ಬ ಸಹಾಯಕರೂ ಹಾರ, ಮೈಕು, ನೀರಿನ ಬಾಟಲಿಗಳ ಹಿಂದೆ ಓಡಾಡುವುದರಿಂದ ಅಂದು ಪುಸ್ತಕ ಕೊಡುವ ಕೌಂಟರೇ ಮುಚ್ಚಿರುತ್ತದೆ. ಪ್ರದರ್ಶನಕ್ಕಿಟ್ಟ ಪುಸ್ತಕಗಳ ಪಕ್ಕದಲ್ಲಿ ‘ಮುಟ್ಟಬಾರದು’ ಎಂಬ ಚೀಟಿ. ಮಕ್ಕಳು ಬಿಸ್ಕತ್ತು ತಿಂದು ಬರಿಗೈಯಲ್ಲಿ ಶಾಲೆಗೆ ಮರಳುತ್ತಾರೆ.

ಸಪ್ತಾಹ ಬೇಡವೆನ್ನುತ್ತಿಲ್ಲ. ಆದರೆ ಊರಿನವರನ್ನು ಗ್ರಂಥಾಲಯಕ್ಕೆ ಅಂಟಿಸುವುದು ವರ್ಷಕ್ಕೊಂದು ಸಮಾರಂಭವಲ್ಲ. ಪ್ರತಿ ವಾರ ಅದೇ ದಿನ, ಅದೇ ಹೊತ್ತಿಗೆ ತಪ್ಪದೆ ನಡೆಯುವ ಚಿಕ್ಕ ಕಾರ್ಯಕ್ರಮ ಆ ಕೆಲಸ ಮಾಡುತ್ತದೆ, ಅದೂ ಬಂದವರು ಹೋಗುವಾಗ ಕೈಯಲ್ಲೊಂದು ಪುಸ್ತಕ ಇದ್ದರೆ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕಗಳು ಇರುವುದು ಬಳಕೆಗೆ ಎನ್ನುವುದು. ಅವರು ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ಅವರ ಹುಟ್ಟುಹಬ್ಬವಾದ ಆಗಸ್ಟ್ 12ರಂದು ಗ್ರಂಥಪಾಲಕರ ದಿನವನ್ನೂ ಆಚರಿಸುತ್ತೇವೆ. ಆ ಮೊದಲ ಸೂತ್ರವನ್ನು ಮಾತ್ರ ಬೀರುವಿನ ಬೀಗ ಇನ್ನೂ ಒಪ್ಪಿಕೊಂಡಿಲ್ಲ.

ಮಕ್ಕಳ ಕಥೆಯ ಹೊತ್ತಿನಿಂದಲೇ ಆರಂಭಿಸುವುದು ಒಳ್ಳೆಯದು. ಸೋಮವಾರ ವಾರದ ರಜೆ, ಭಾನುವಾರ ಬಾಗಿಲು ತೆರೆದಿರುತ್ತದೆ ಎನ್ನುವುದು ನಮ್ಮ ಸಾರ್ವಜನಿಕ ಗ್ರಂಥಾಲಯಗಳ ದೊಡ್ಡ ಅನುಕೂಲ. ಭಾನುವಾರ ಬೆಳಿಗ್ಗೆ 10ಕ್ಕೆ ಇಟ್ಟುಕೊಂಡರೆ ಶಾಲೆಯ ಅಡ್ಡಿಯಿಲ್ಲ, ಟ್ಯೂಷನ್ ಅಡ್ಡಿಯೂ ಕಡಿಮೆ. ಓದಿ ಹೇಳುವ ಒಬ್ಬರಿಗೆ 20ರಿಂದ 25 ಮಕ್ಕಳು ಸಾಕು. ಅದಕ್ಕಿಂತ ಹೆಚ್ಚಾದರೆ ಹಿಂದೆ ಕುಳಿತವರಿಗೆ ಚಿತ್ರ ಕಾಣದು. ಚಿತ್ರ ಕಾಣದ ಮಗು ಪಕ್ಕದವನನ್ನು ಚಿವುಟುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಐದರಿಂದ ಎಂಟು ವರ್ಷದವರನ್ನೂ ಒಂಬತ್ತರಿಂದ ಹನ್ನೆರಡರವರನ್ನೂ ಒಟ್ಟಿಗೆ ಕೂರಿಸಬಾರದು. ದೊಡ್ಡವರು ಉತ್ತರ ಮೊದಲೇ ಹೇಳಿಬಿಡುತ್ತಾರೆ, ಚಿಕ್ಕವರು ಬಾಯಿ ಬಿಡುವುದೇ ಇಲ್ಲ. ಇಬ್ಬರಿಗೂ ವಾರ ಬಿಟ್ಟು ವಾರ ಇಟ್ಟುಕೊಳ್ಳಬಹುದು.

12 ಅಡಿ ಉದ್ದ, 9 ಅಡಿ ಅಗಲದ ಒಂದು ಜಮಖಾನ ಇದ್ದರೆ ಅಷ್ಟೂ ಮಕ್ಕಳು ಕೂರುತ್ತಾರೆ. ಕುರ್ಚಿ ಬೇಡವೇ ಬೇಡ. ಓದುವವರು ಕಿಟಕಿಗೆ ಬೆನ್ನು ಹಾಕಿ ಕೂರಬಾರದು. ಬೆಳಕು ಹಿಂದಿನಿಂದ ಬಂದರೆ ಮಕ್ಕಳಿಗೆ ಮುಖವೂ ಪುಟವೂ ಕಪ್ಪಾಗಿ ಕಾಣುತ್ತವೆ. ಬೆನ್ನಿಗೆ ಗೋಡೆ ಇರಲಿ, ಬೆಳಕು ಪಕ್ಕದಿಂದ ಬರಲಿ. ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿಯದೆ ಎದೆಯ ಮಟ್ಟದಲ್ಲಿ ಒಂದು ಪಕ್ಕಕ್ಕೆ ಹಿಡಿದು, ಪುಟ ತಿರುಗಿಸುವ ಮೊದಲು ಎಡದಿಂದ ಬಲಕ್ಕೆ ಒಮ್ಮೆ ನಿಧಾನವಾಗಿ ತೋರಿಸಬೇಕು. ಹಿಂದಿನ ರಾತ್ರಿ ಎರಡು ಸಲ ಗಟ್ಟಿಯಾಗಿ ಓದಿಕೊಂಡಿರದವರು ಮರುದಿನ ಓದಲು ಕೂರಬಾರದು ಎನ್ನುವುದನ್ನು ನಿಯಮವಾಗಿಯೇ ಇಟ್ಟುಕೊಳ್ಳಬೇಕು.

ಒಟ್ಟು 45 ನಿಮಿಷ. ಮೊದಲ ಐದು ನಿಮಿಷ ಒಂದು ಶಿಶುಗೀತೆ, ತಡವಾಗಿ ಬಂದವರೂ ಅಷ್ಟರಲ್ಲಿ ಸೇರಿಕೊಳ್ಳುತ್ತಾರೆ. 12ರಿಂದ 15 ನಿಮಿಷ ಓದು. ಹತ್ತು ನಿಮಿಷ ಮಾತು. ಆಗ ‘ಈ ಕಥೆಯ ನೀತಿ ಏನು?’ ಎಂದು ಕೇಳಬಾರದು. ಆ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಮಕ್ಕಳಿಗೆ ಇದೂ ಒಂದು ತರಗತಿ ಅನ್ನಿಸಿಬಿಡುತ್ತದೆ. ‘ಆಮೇಲೆ ಆ ಆನೆ ಎಲ್ಲಿಗೆ ಹೋಗಿರಬಹುದು?’ ಎಂದು ಕೇಳಿ ನೋಡಿ. ಉಳಿದ ಕಾಲು ಗಂಟೆ ಪುಸ್ತಕ ಆರಿಸಿಕೊಳ್ಳಲು. ಇದು ಈ ಕಾರ್ಯಕ್ರಮದ ಜೀವ, ಇದನ್ನು ಮಾತ್ರ ಕತ್ತರಿಸಬಾರದು. 40 ತೆಳ್ಳನೆಯ ಚಿತ್ರಪುಸ್ತಕಗಳನ್ನು ಜಮಖಾನದ ಅಂಚಿನಲ್ಲಿ ಮುಖಪುಟ ಮೇಲಾಗಿ ಹರಡಿಡಬೇಕು. ಬೆನ್ನು ಮಾತ್ರ ಕಾಣುವಂತೆ ಕಪಾಟಿನಲ್ಲಿ ಜೋಡಿಸಿದ ತೆಳು ಪುಸ್ತಕವನ್ನು ಮಗು ಎಳೆದು ನೋಡುವುದಿಲ್ಲ.

ಅಷ್ಟು ಪುಸ್ತಕ ಎಲ್ಲಿಂದ ಎನ್ನುವವರಿಗೆ: ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆ, ನವಕರ್ನಾಟಕ ಮತ್ತು ಪ್ರಥಮ್ ಬುಕ್ಸ್‌ನ ಕನ್ನಡ ಪುಸ್ತಕಗಳು ಕೈಗೆಟಕುವ ಬೆಲೆಯಲ್ಲಿವೆ. ಪ್ರಥಮ್‌ನವರ ಸ್ಟೋರಿವೀವರ್ ಜಾಲತಾಣದಿಂದ ಕನ್ನಡ ಕಥೆಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು, ಅದಕ್ಕೆ ಅನುಮತಿ ಕೇಳಬೇಕಾಗಿಲ್ಲ. ಕಥೆ, ಚಿತ್ರ ಬರೆದವರ ಹೆಸರಿರುವ ಪುಟವನ್ನು ಕತ್ತರಿಸದೆ ಉಳಿಸಿಕೊಂಡರಾಯಿತು.

ಇಷ್ಟೆಲ್ಲ ಮಾಡಿದ ಮೇಲೆ ಕೆಲಸ ಕೆಡುವುದು ಸದಸ್ಯತ್ವದ ಅರ್ಜಿಯ ಹತ್ತಿರ. ಮಗು ಪುಸ್ತಕ ಹಿಡಿದು ಕೌಂಟರಿಗೆ ಬಂದಾಗ ಠೇವಣಿ, ವಿಳಾಸದ ದಾಖಲೆ, ಜಾಮೀನಿನ ಸಹಿ ಎಂದರೆ ಅದು ಪುಸ್ತಕವನ್ನು ಅಲ್ಲೇ ಇಟ್ಟು ಹೋಗುತ್ತದೆ. ಬಹಳಷ್ಟು ಸಲ ಮತ್ತೆ ಬರುವುದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದ ಮೇಲೆ, 2020ರ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಅಡಿಯಲ್ಲೇ ಉಳಿದ ಪಟ್ಟಣದ ಶಾಖೆಗಳಲ್ಲೂ ಹೀಗೇ ಆಗಬೇಕು. ಪಕ್ಕದ ಹಳ್ಳಿಯ ಮಗುವಿಗೆ ಸಿಗುವುದು ಪಟ್ಟಣದ ಮಗುವಿಗೆ ಯಾಕೆ ಸಿಗಬಾರದು? ಅಲ್ಲಿಯವರೆಗೆ ಶಾಲೆಯ ಮುಖ್ಯ ಶಿಕ್ಷಕರ ಸಹಿಯುಳ್ಳ ಒಂದೇ ಪಟ್ಟಿಯ ಮೇಲೆ ಒಂದು ಮಗುವಿಗೆ ಒಂದು ಪುಸ್ತಕ ಕೊಡುವ ವ್ಯವಸ್ಥೆಯನ್ನು ಜಿಲ್ಲಾ ಕೇಂದ್ರ ಗ್ರಂಥಾಲಯದ ಒಪ್ಪಿಗೆ ಪಡೆದು ಮಾಡಿಕೊಳ್ಳಬಹುದು.

ಗ್ರಂಥಪಾಲಕರು ಪುಸ್ತಕ ಹೊರಗೆ ಬಿಡಲು ಹಿಂಜರಿಯುವುದಕ್ಕೆ ಸೋಮಾರಿತನ ಕಾರಣವಲ್ಲ, ಭಯ ಕಾರಣ. ದಾಸ್ತಾನು ತಪಾಸಣೆಯಲ್ಲಿ ಪುಸ್ತಕ ಕಡಿಮೆ ಬಿದ್ದರೆ ತಮ್ಮ ಸಂಬಳದಲ್ಲಿ ಹಿಡಿಯುತ್ತಾರೆಂಬ ಭಯ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ, ವರ್ಷದಲ್ಲಿ ಎರವಲು ಹೋದ ಅಥವಾ ಬಳಕೆಯಾದ ಪ್ರತಿ 1000 ಪುಸ್ತಕಕ್ಕೆ 5 ಕಳೆದುಹೋಗುವುದು ಸಹಜವೆಂದು ಅವು ಒಪ್ಪುತ್ತವೆ. 1000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಹಾಗೂ ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಕಡ್ಡಾಯ. ಅವು ಕೇಂದ್ರದ ಸಂಸ್ಥೆಗಳಿಗೆ ಮಾಡಿದ ನಿಯಮಗಳು, ನಿಜ. ನಮ್ಮ ಇಲಾಖೆಯೂ ಅಂಥದೇ ಮಾತನ್ನು ಒಂದು ಸುತ್ತೋಲೆಯಲ್ಲಿ ಬರೆದು ಪ್ರತಿ ಶಾಖೆಯ ಗೋಡೆಗೆ ಅಂಟಿಸಿದರೆ ಎಷ್ಟೋ ಬೀರುಗಳ ಬೀಗ ತಾನಾಗಿ ತೆರೆಯುತ್ತದೆ.

ಎರಡನೆಯ ತೊಡಕು ಸದ್ದು. ಇಂದು ಸಣ್ಣ ಊರಿನ ಗ್ರಂಥಾಲಯದಲ್ಲಿ ಬಾಗಿಲು ತೆರೆಯುವ ಮೊದಲೇ ಬಂದು ನಿಲ್ಲುವವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ ಯುವತಿಯರು. ಮನೆಯಲ್ಲಿ ಓದಲು ಜಾಗವಿಲ್ಲದೆ ಬಂದವರೇ ಅವರಲ್ಲಿ ಹೆಚ್ಚು. ಮಕ್ಕಳ ಹಾಡು ಕೇಳಿ ಅವರು ಸಿಡುಕಿದರೆ ತಪ್ಪಿಲ್ಲ. ಇರುವುದು ಒಂದೇ ಕೋಣೆಯಾದರೆ ಕಥೆಯನ್ನು ಜಗಲಿಗೋ ಎದುರಿನ ಮರದ ನೆರಳಿಗೋ ಒಯ್ಯಬೇಕು. ಅದೂ ಇಲ್ಲದಿದ್ದರೆ ‘ಭಾನುವಾರ 10ರಿಂದ 10.45 ಮಕ್ಕಳ ಹೊತ್ತು’ ಎಂದು ತಿಂಗಳ ಮೊದಲೇ ಫಲಕದಲ್ಲಿ ಬರೆಯಬೇಕು. ಮೊದಲೇ ತಿಳಿಸಿದ ಸದ್ದನ್ನು ಜನ ಸಹಿಸುತ್ತಾರೆ.

ಈ ಓದುಗರಿಗೂ ಒಂದು ಕಾರ್ಯಕ್ರಮ ಬೇಕು, ಅದು ಸಾಧಕರ ಭಾಷಣವಲ್ಲ, ಅರ್ಜಿ ತುಂಬುವ ನೆರವು. ಅಂಕ ಬರದೆ ಕೆಲಸ ಕಳೆದುಕೊಂಡವರ ಜೊತೆಗೆ ದಾಖಲೆ ಸರಿಯಿಲ್ಲದೆ ಕಳೆದುಕೊಂಡವರೂ ಇದ್ದಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿಯ ಪ್ರಮಾಣಪತ್ರಗಳನ್ನು ಅರ್ಜಿಯ ಕೊನೆಯ ದಿನ ಕಳೆದ ಮೇಲೆ ಮಾಡಿಸಿರುತ್ತಾರೆ. ಕಲ್ಯಾಣ ಕರ್ನಾಟಕದವರಾದರೆ ಆ ಭಾಗದ ಮೀಸಲಾತಿಗೆ ಸಂವಿಧಾನದ 371ಜೆ ವಿಧಿಯ ಪ್ರಮಾಣಪತ್ರವೂ ಬೇಕು. ಅಧಿಸೂಚನೆ ಹೊರಬಿದ್ದ ವಾರದಲ್ಲೇ ಒಂದು ಸಂಜೆ ಇಟ್ಟುಕೊಂಡು, ಅಧಿಸೂಚನೆಯನ್ನು ಗಟ್ಟಿಯಾಗಿ ಓದಿ, ಪ್ರತಿಯೊಬ್ಬರೂ ತಮ್ಮ ದಾಖಲೆಗಳ ದಿನಾಂಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ. ಹಿಂದಿನ ಸಲ ಪರೀಕ್ಷೆ ಪಾಸಾದವರು ಒಬ್ಬರಿದ್ದರೆ ಸಾಕು. ಗ್ರಂಥಾಲಯದ ಕಂಪ್ಯೂಟರ್ ಬಳಸುವವರು ಎರಡು ವಿಷಯ ಮರೆಯಬಾರದು: ಓಟಿಪಿ ಸ್ವಂತ ಮೊಬೈಲಿಗೇ ಬರಬೇಕು. ಇಳಿಸಿಕೊಂಡ ಆಧಾರ್, ಅಂಕಪಟ್ಟಿಗಳನ್ನು ಏಳುವ ಮೊದಲು ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಬೇಕು.

ದೊಡ್ಡವರಿಗೆ ತಿಂಗಳಿಗೊಂದು ಪುಸ್ತಕ ಸಂವಾದ ಇಟ್ಟುಕೊಳ್ಳಬಹುದು. ಅದು ಸೊರಗುವುದು ಪ್ರತಿ ಸಿಗದೆ. ಹನ್ನೆರಡು ಜನರಿಗೆ ಕನಿಷ್ಠ ಆರು ಪ್ರತಿ ಬೇಕು. ಒಂದು ಶಾಖೆಯಲ್ಲಿ ಅಷ್ಟು ಇರುವುದಿಲ್ಲವಾದ್ದರಿಂದ ತಿಂಗಳು ಮುಂಚೆಯೇ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಬರೆದು ಬೇರೆ ಶಾಖೆಗಳಿಂದ ತರಿಸಿಕೊಳ್ಳಬೇಕು. ವೇದಿಕೆ, ಅಧ್ಯಕ್ಷರು ಬೇಡ, ಕುರ್ಚಿಗಳು ದುಂಡಗಿರಲಿ. ಅರ್ಧ ಜನ ಓದದೆ ಬಂದಿರುತ್ತಾರೆ. ಅವರನ್ನು ನಾಚಿಸದೆ ಮೊದಲು ಮೂರು ಪುಟ ಓದಿಬಿಟ್ಟರೆ ಎಲ್ಲರಿಗೂ ಮಾತಾಡಲು ಏನಾದರೂ ಸಿಗುತ್ತದೆ.

ದೃಷ್ಟಿ ಇಲ್ಲದವರಿಗಾಗಿ ಒಂದು ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಹಾಕಿಸಬೇಕು. ಯೂನಿಕೋಡ್‌ನಲ್ಲಿರುವ ಕನ್ನಡವನ್ನು ಅದು ಓದಿ ಹೇಳುತ್ತದೆ. ಹೆಡ್‌ಫೋನ್ ಒಂದನ್ನು ಬಿಟ್ಟರೆ ಖರ್ಚಿಲ್ಲ. ಸ್ಕ್ಯಾನ್ ಮಾಡಿದ ಚಿತ್ರರೂಪದ ಪುಟಗಳನ್ನು ಮಾತ್ರ ಅದು ಹಾಗೇ ಓದಲಾರದು.

ಊರಿನ ಹಳೆಯ ಫೋಟೊ, ನಾಟಕದ ಕರಪತ್ರ, ಜಾತ್ರೆಯ ಆಹ್ವಾನ ಪತ್ರಿಕೆಗಳನ್ನು ತರಿಸಿ ಪ್ರತಿ ಮಾಡಿಟ್ಟುಕೊಳ್ಳುವ ದಿನಕ್ಕೆ ಜನ ತಾವಾಗಿಯೇ ಬರುತ್ತಾರೆ. ಸಾಮಾನ್ಯ ಫೋಟೊಗೆ 300 ಡಿಪಿಐ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ), ಅಂಗೈಗಿಂತ ಚಿಕ್ಕದಕ್ಕೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಮೂಲವನ್ನು ಅಂದೇ ಕೈಗೆ ಮರಳಿಸಬೇಕು. ‘ಆಮೇಲೆ ಕೊಡುತ್ತೇವೆ’ ಎಂದರೆ ಮುಂದಿನ ಸಲ ಯಾರೂ ತರುವುದಿಲ್ಲ. ಫೋಟೊದಲ್ಲಿರುವವರ ಹೆಸರು, ವರ್ಷವನ್ನು ತಂದವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು, ಅವರ ನಂತರ ಹೇಳುವವರು ಇರುವುದಿಲ್ಲ. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಬಾರದು, ಲ್ಯಾಮಿನೇಷನ್ ಮಾಡಿಸಲೇಬಾರದು. ಟೇಪಿನ ಅಂಟು ಕೆಲವೇ ವರ್ಷದಲ್ಲಿ ಹಳದಿಯಾಗಿ ಕಾಗದವನ್ನು ತಿನ್ನುತ್ತದೆ. ಇದಕ್ಕೇ ಸೇರಿಸಿ ಊರಿನ ಶಾಸನ ಓದಿಸಬಹುದು. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳು ಜಿಲ್ಲೆವಾರು ಇವೆ, ತುಮಕೂರಿನದು 12ನೆಯದು. ಗುಡಿಯ ಮುಂದೆ ದಿನಾ ಕಾಣುವ ಕಲ್ಲಿನಲ್ಲಿ ಏನಿದೆಯೆಂದು ಗ್ರಂಥಾಲಯದಲ್ಲಿ ತಿಳಿದ ಹುಡುಗ ಮತ್ತೆ ಆ ಬಾಗಿಲಿಗೆ ಬರುತ್ತಾನೆ.

ಹೆಣ್ಣುಮಕ್ಕಳು ಯಾಕೆ ಬರುವುದಿಲ್ಲ ಎಂದು ಕೇಳುವವರು ಮೊದಲು ಗ್ರಂಥಾಲಯದ ಸಮಯ ನೋಡಬೇಕು. ಬೆಳಗಿನ ಹೊತ್ತು ಅಡುಗೆ, ಸಂಜೆ ಮತ್ತೆ ಮನೆಗೆಲಸ. ಬಿಡುವಾಗುವ ಮಧ್ಯಾಹ್ನ ಎರಡೂವರೆಗೆ ಬಾಗಿಲು ಹಾಕಿರುತ್ತದೆ. ವಾರಕ್ಕೆ ಒಂದು ಮಧ್ಯಾಹ್ನ ತೆರೆದು, ಸ್ತ್ರೀಶಕ್ತಿ ಸಂಘದ ವಾರದ ಸಭೆಯನ್ನು ಅಲ್ಲೇ ನಡೆಸಲು ಕರೆದರೆ ಬರುತ್ತಾರೆ. ಆದರೆ ಶೌಚಾಲಯವಿಲ್ಲದ ಕಟ್ಟಡದಲ್ಲಿ ಯಾವ ಹೆಣ್ಣುಮಗಳೂ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕೂರಲಾರಳು. ಇದ್ದೂ ಬೀಗ ಹಾಕಿದ್ದರೆ, ನೀರಿಲ್ಲದಿದ್ದರೆ, ಅದೂ ಇಲ್ಲದ್ದಕ್ಕೆ ಸಮ.

ಹಣದ ಮಾತು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರ ಅಡಿಯಲ್ಲಿ ನಾವೆಲ್ಲ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. 2000 ರೂಪಾಯಿ ತೆರಿಗೆಯ ಮನೆಯಿಂದ 120 ರೂಪಾಯಿ. ನಿಮ್ಮ ರಸೀದಿ ತೆಗೆದು ನೋಡಿ, ಪ್ರತ್ಯೇಕ ಸಾಲಿನಲ್ಲಿ ಇರುತ್ತದೆ. ಸ್ಥಳೀಯ ಸಂಸ್ಥೆ ಅದನ್ನು ವಸೂಲಿ ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಕಟ್ಟಬೇಕು. ವಸೂಲಾದದ್ದು ಅಲ್ಲಿಗೆ ತಲುಪದೆ ಬಾಕಿ ಉಳಿದರೆ ಊರಿನ ಶಾಖೆಗೆ ಹೊಸ ಪುಸ್ತಕ ಬರುವುದಿಲ್ಲ, ಒಡೆದ ನಲ್ಲಿ ರಿಪೇರಿಯಾಗುವುದಿಲ್ಲ. ಕಳೆದ ವರ್ಷ ಎಷ್ಟು ವಸೂಲಾಯಿತು, ಎಷ್ಟು ಕಟ್ಟಿದಿರಿ, ಬಾಕಿ ಎಷ್ಟು ಎಂಬ ಮೂರು ಪ್ರಶ್ನೆಗಳನ್ನು 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಲ್ಲಿ ಪುರಸಭೆಗೆ ಕೇಳಬಹುದು. ಪ್ರತಿ ಊರಿನಲ್ಲೂ ಒಬ್ಬರಾದರೂ ಕೇಳಬೇಕು.

ಈ ಸಪ್ತಾಹದಲ್ಲಿ ಶಾಮಿಯಾನ, ಹಾರ, ನೆನಪಿನ ಕಾಣಿಕೆಗೆ ಎತ್ತಿಟ್ಟ ಹಣದಲ್ಲಿ ಒಂದು ಜಮಖಾನ, 40 ಚಿತ್ರಪುಸ್ತಕ ಕೊಳ್ಳಿರೆಂದು ಇಲಾಖೆಗೂ ಪುರಸಭೆಗಳ ಸದಸ್ಯರಿಗೂ ನನ್ನ ವಿನಂತಿ. ಅತಿಥಿಗಳು ಬರಲಿ, ಬಂದವರು ಭಾಷಣದ ಬದಲು ಜಮಖಾನದ ಮೇಲೆ ಕುಳಿತು ಒಂದು ಕಥೆ ಓದಲಿ, ಹಿಂದಿನ ರಾತ್ರಿ ಎರಡು ಸಲ ಓದಿಕೊಂಡು. ಅಂದು ಕೌಂಟರ್ ತೆರೆದಿರಲಿ. ಸಪ್ತಾಹ ಮುಗಿದ ನಂತರದ ಮೊದಲ ಭಾನುವಾರ ಬೆಳಿಗ್ಗೆ 10ಕ್ಕೆ ಅದೇ ಜಮಖಾನ ಮತ್ತೆ ಹಾಸಿರಲಿ, ಅಂದು ಬರುವುದು ಮೂರೇ ಮಕ್ಕಳಾದರೂ ಸರಿ.

– ಒಬ್ಬ ನಿವೃತ್ತ ಗ್ರಂಥಪಾಲಕ, ತುಮಕೂರು ಜಿಲ್ಲೆ