ಪ್ರೊಫೈಲ್ ಶೀಟ್ ಪ್ಲಾಟ್‌ಗೆ ಹೋಗುವ ಮುನ್ನ

ಎಲ್ಲರಿಗೂ ನಮಸ್ಕಾರ. ಕೊರಟಗೆರೆ ಕಡೆ ರಸ್ತೆಯ ಪ್ರೊಫೈಲ್ ಶೀಟ್‌ಗಳು, ಅಂದರೆ ರಸ್ತೆಯ ಉದ್ದಕ್ಕೂ ಏರಿಳಿತ ತೋರಿಸುವ ನಕ್ಷೆಗಳು, ಶುಕ್ರವಾರ ಸಂಜೆ 4ಕ್ಕೆ ತುಮಕೂರು ಆಫೀಸಿನಿಂದ ಪ್ಲಾಟ್‌ಗೆ (ದೊಡ್ಡ ಹಾಳೆಯ ಪ್ರಿಂಟ್‌ಗೆ) ಹೋಗಬೇಕು. ರಸ್ತೆ ಡಿಸೈನ್ ಸಾಫ್ಟ್‌ವೇರ್ ಸಿವಿಲ್ 3ಡಿಯಲ್ಲಿ ಕೂತಿರುವವರು ಗಮನಿಸಿ, ಸರ್ವೆಯವರಿಗೆ ಇದು ಬೇಡ.

ಅಡ್ಡ ಸ್ಕೇಲ್ 1:1000, ಲಂಬ 1:100. ಏರು ಜಾಸ್ತಿ ಇದ್ದು ಗೆರೆ ಚೌಕಟ್ಟು ದಾಟಿದರೆ ಪ್ರೊಫೈಲ್ ವ್ಯೂ (ಪ್ರೊಫೈಲ್ ಗೆರೆ ಕೂರುವ ಚೌಕಟ್ಟು) ಸ್ಪ್ಲಿಟ್ ಮಾಡಿ, ಸ್ಕೇಲ್ ಮುಟ್ಟಬೇಡಿ.

ಮುಖ್ಯವಾಗಿ ಬ್ಯಾಂಡ್ (ಪ್ರೊಫೈಲ್ ಜೊತೆ ಮಟ್ಟದ ಅಂಕಿ ಬರುವ ಸಾಲುಗಳು) ನೋಡಿ. ಪ್ರೊಫೈಲ್ ವ್ಯೂ ಪ್ರಾಪರ್ಟೀಸ್‌ನ ಬ್ಯಾಂಡ್ಸ್ ಟ್ಯಾಬ್‌ನಲ್ಲಿ ಪ್ರೊಫೈಲ್ 1ಕ್ಕೆ ನೆಲದ ಮಟ್ಟ, 2ಕ್ಕೆ ಡಿಸೈನ್ ಮಟ್ಟ ಕೊಡಿ. ಸುಮ್ನೆ ಬಿಟ್ಟರೆ ಎರಡೂ ಸಾಲಿನಲ್ಲಿ ಒಂದೇ ಅಂಕಿ ಬರುತ್ತದೆ. ಮಣ್ಣು ಅಗೆಯುವ ಕಟಿಂಗೂ ಇಲ್ಲ, ತುಂಬುವ ಫಿಲ್ಲಿಂಗೂ ಇಲ್ಲದ ರಸ್ತೆ ಎಲ್ಲಾದರೂ ಇದೆಯಾ?

ಅಲೈನ್‌ಮೆಂಟ್ (ರಸ್ತೆಯ ಮಧ್ಯರೇಖೆ) ಉದ್ದ ಬದಲಾಗಿದ್ದರೆ ವ್ಯೂ ಫ್ರೇಮ್ (ಒಂದೊಂದು ಶೀಟಿಗೆ ಬರುವ ಭಾಗದ ಚೌಕಟ್ಟು) ಹೊಸದಾಗಿ ಹಾಕಿ, ಆಮೇಲೆ ಶೀಟ್. ಮೊದಲು ಒಂದೇ ಶೀಟಿನ ಪಿಡಿಎಫ್ ಇಲ್ಲಿ ಹಾಕಿ, ನೋಡೋಣ. ನಿಮ್ಮ ಭಾಗ ಯಾವ ಚೈನೇಜ್‌ವರೆಗೆ (ರಸ್ತೆಯ ಆರಂಭದಿಂದ ಅಳೆದ ದೂರ) ಮುಗಿದಿದೆ ಅಂತ ನಾಳೆ ಬೆಳಗ್ಗೆಯೇ ತಿಳಿಸಿ.