ಎಸ್ಸೆಸ್ಸೆಲ್ಸಿ ಮುಗಿಸುವ ಮಕ್ಕಳಿಗೆ ಮುಂದಿನ ದಾರಿ ತಿಳಿಸಲು ನಿಮ್ಮ ನೆರವು ಬೇಕು: ದೇಣಿಗೆ ಮನವಿ

ಮಾನ್ಯರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಪತ್ರಿಕೆಗಳ ತುಂಬ ಹೆಚ್ಚು ಅಂಕ ಪಡೆದ ಮಕ್ಕಳ ಚಿತ್ರಗಳು. ಅವರ ಸಾಧನೆ ದೊಡ್ಡದು, ಅಭಿನಂದಿಸಲೇಬೇಕು. ಅದೇ ದಿನ ಬೆಂಗಳೂರಿನ ಸರ್ಕಾರಿ ಪ್ರೌಢಶಾಲೆಗಳ ಅಂಗಳದಲ್ಲಿ ನೂರಕ್ಕೆ ಐವತ್ತೋ ಅರುವತ್ತೋ ತೆಗೆದು ಪಾಸಾದ ಮಕ್ಕಳು ಗುಂಪುಗುಂಪಾಗಿ ನಿಂತಿರುತ್ತಾರೆ. ‘ಮುಂದೆ ಏನು ಓದುತ್ತೀಯಪ್ಪ?’ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಫ್ರೆಂಡ್ಸ್ ಎಲ್ಲಿ ಸೇರುತ್ತಾರೋ ಅಲ್ಲಿಗೇ, ಸರ್.’ ಈ ಮನವಿಯನ್ನು ಬರೆಯುತ್ತಿರುವುದು ಆ ಮಕ್ಕಳಿಗಾಗಿ.

ನಮ್ಮ ಟ್ರಸ್ಟ್ ಲಗ್ಗೆರೆ, ಪೀಣ್ಯ, ಸುಂಕದಕಟ್ಟೆ, ಕಾಮಾಕ್ಷಿಪಾಳ್ಯದ ಸುತ್ತಮುತ್ತಲಿನ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳಲ್ಲಿ ಎಂಟರಿಂದ ಹತ್ತನೇ ತರಗತಿಯವರೆಗಿನ ಮಕ್ಕಳಿಗೆ ವೃತ್ತಿ ಮಾರ್ಗದರ್ಶನ ನೀಡುವ ಕೆಲಸ ಮಾಡುತ್ತಿದೆ. ಇಲ್ಲಿನ ತಾಯಂದಿರು ಹೆಚ್ಚಾಗಿ ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು; ತಂದೆಯರು ಆಟೊ ಓಡಿಸುವವರು, ಗಾರೆ ಕೆಲಸದವರು, ಕಾರ್ಖಾನೆಗಳಲ್ಲಿ ದಿನಗೂಲಿಯವರು. ತುಮಕೂರು, ಮಂಡ್ಯ, ರಾಯಚೂರು, ಯಾದಗಿರಿ ಕಡೆಯಿಂದ ಹೊಟ್ಟೆಪಾಡಿಗೆ ಬಂದು ಇಲ್ಲಿ ನೆಲೆ ನಿಂತ ಕುಟುಂಬಗಳು. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯಲ್ಲಿ ಉಚಿತವಾಗಿ ಓದುತ್ತಿದ್ದ ಕೆಲವು ಮಕ್ಕಳೂ ನಮ್ಮಲ್ಲಿಗೆ ಬರುತ್ತಾರೆ. ಆ ಸೌಲಭ್ಯ ಎಂಟನೇ ತರಗತಿಗೆ ಮುಗಿಯುತ್ತದೆ; ಒಂಬತ್ತನೇ ತರಗತಿಯ ಶುಲ್ಕ ಕಟ್ಟುವ ಶಕ್ತಿ ಮನೆಯವರಿಗೆ ಇರುವುದಿಲ್ಲ. ಈ ಮನೆಗಳಲ್ಲಿ ಹತ್ತನೇ ತರಗತಿ ದಾಟುವ ಮೊದಲಿಗರು ಹೆಚ್ಚಿನ ಸಲ ಈ ಮಕ್ಕಳೇ. ಮುಂದೇನು ಎಂದು ಕೇಳಲು ಮನೆಯಲ್ಲಿ ಯಾರೂ ಇಲ್ಲ. ಎದುರು ಮನೆಯವರು ಹೇಳಿದ ಕಾಲೇಜು, ಬಸ್ ಹಿಂಭಾಗದ ಜಾಹೀರಾತಿನಲ್ಲಿ ಕಂಡ ಕಾಲೇಜು, ಇವೇ ಆಯ್ಕೆಗಳಾಗುತ್ತವೆ.

ಬೆಂಗಳೂರಿನಂಥ ಊರಿನಲ್ಲಿ ಇದು ನಡೆಯುತ್ತಿದೆ ಎಂಬುದೇ ನಮಗೆ ಸಂಕಟ. ಪೀಣ್ಯದ ಕೈಗಾರಿಕಾ ಶೆಡ್ಡುಗಳ ಹಿಂದಿನ ಬೀದಿಯಲ್ಲಿ ಬೆಳೆದ ಹುಡುಗನಿಗೆ ರಾತ್ರಿಯಿಡೀ ಪ್ರೆಸ್ ಯಂತ್ರಗಳ ಸದ್ದು ಕೇಳಿ ಗೊತ್ತು. ಒಳಗೆ ಏನು ತಯಾರಾಗುತ್ತದೆ, ಅದನ್ನು ತಯಾರಿಸುವವರು ಏನು ಓದಿದ್ದಾರೆ ಎಂಬುದು ಗೊತ್ತಿಲ್ಲ. ಒಮ್ಮೆ ಒಂಬತ್ತನೇ ತರಗತಿಯ ಒಂದು ತಂಡವನ್ನು ಅಲ್ಲಿನ ಸಣ್ಣ ಟೂಲ್ ರೂಮ್ (ಅಚ್ಚುಗಳನ್ನು ತಯಾರಿಸುವ ಘಟಕ) ಒಂದಕ್ಕೆ ಕರೆದೊಯ್ದಿದ್ದೆವು. ಅಲ್ಲಿನ ಮೇಲ್ವಿಚಾರಕರು ಒಬ್ಬ ಹುಡುಗನ ಕೈಗೆ ಅತಿ ಸಣ್ಣ ಅಳತೆ ತೆಗೆಯುವ ಮೈಕ್ರೊಮೀಟರ್ ಕೊಟ್ಟು, ‘ನಿನ್ನ ತಲೆಗೂದಲು ಒಂದನ್ನು ಕಿತ್ತು ಅಳೆದು ನೋಡು’ ಎಂದರು. ಅಳತೆ 0.07 ಮಿಲಿಮೀಟರ್ ಬಂತು. ‘ನಾವು ಮಾಡುವ ಅಚ್ಚಿನಲ್ಲಿ ಇದರ ಕಾಲು ಭಾಗದಷ್ಟು ವ್ಯತ್ಯಾಸ ಬಂದರೂ ಮಾಲು ವಾಪಸ್ಸು ಬರುತ್ತದೆ’ ಎಂದರು. ಗಣಿತದ ದಶಮಾಂಶವೆಂದರೆ ಹೆದರುತ್ತಿದ್ದ ಆ ಹುಡುಗ ಆ ಅಳತೆಪಟ್ಟಿಯ ಗೆರೆಗಳನ್ನು ಓದುವುದನ್ನು ಕಲಿಯದೆ ಅಲ್ಲಿಂದ ಕದಲಲಿಲ್ಲ. ತರಗತಿಯಲ್ಲಿ ನೂರು ಸಲ ಹೇಳಿದರೂ ಹುಟ್ಟದ ಆಸಕ್ತಿ ಇದು.

ಈ ಹುಡುಗನಂಥವರಿಗೆ ಸೇರಬಹುದಾದ ಜಾಗ ರಾಜಾಜಿನಗರದಲ್ಲೇ ಇದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಎಲ್ಲರ ಬಾಯಲ್ಲಿ ಜಿಟಿಟಿಸಿ. ಎಸ್ಸೆಸ್ಸೆಲ್ಸಿ ನಂತರವೇ ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ (ಉಪಕರಣ ಮತ್ತು ಅಚ್ಚು ತಯಾರಿಕೆ) ಡಿಪ್ಲೊಮಾಗೆ ಸೇರಬಹುದು: ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಕೆ.ಆರ್. ವೃತ್ತದ ಬಳಿ 1943ರಲ್ಲಿ ಸ್ಥಾಪನೆಯಾದ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಇದೆ. ಹೊಸೂರು ರಸ್ತೆಯಲ್ಲಿ ಮಹಿಳೆಯರಿಗೆಂದೇ ಇರುವ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ ಇದೆ. ಇವುಗಳ ಎದುರಿಗೇ ದಿನವೂ ಬಸ್ಸಿನಲ್ಲಿ ಹಾದುಹೋಗುವ ಮಕ್ಕಳಿಗೆ ಇವು ತಮಗಾಗಿ ಇವೆ ಎಂದು ಹೇಳಿದವರಿಲ್ಲ.

ಐಟಿಐ (ಕೈಗಾರಿಕಾ ತರಬೇತಿ ಸಂಸ್ಥೆ) ಎಂದರೆ ದಡ್ಡರು ಹೋಗುವ ಜಾಗ ಎಂಬ ಮಾತು ನಮ್ಮ ಸಮಾಜದಲ್ಲಿ ಆಳವಾಗಿ ಬೇರೂರಿದೆ. ಈ ಮಾತು ಕೇಳಿದಾಗಲೆಲ್ಲ ನಮಗೆ ಸಿಟ್ಟು ಬರುತ್ತದೆ. ಎಲೆಕ್ಟ್ರಿಷಿಯನ್, ಫಿಟ್ಟರ್ ವಿಭಾಗಗಳಲ್ಲಿ ಎರಡು ವರ್ಷದ ಐಟಿಐ ಮುಗಿಸಿದವರು 1961ರ ಅಪ್ರೆಂಟಿಸ್ ಕಾಯ್ದೆಯಡಿ ಎಚ್‌ಎಎಲ್, ಬಿಇಎಲ್‌ನಂಥ ಕಾರ್ಖಾನೆಗಳಲ್ಲಿ ಭತ್ಯೆ ಪಡೆಯುತ್ತಲೇ ಕೆಲಸ ಕಲಿಯಬಹುದು. ಓದು ಮುಂದುವರಿಸಬೇಕೆನಿಸಿದರೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶವಿದೆ. ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರಿಗೆಂದೇ ಇರುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಅಂದರೆ ಹದಿನಾರನೇ ವಯಸ್ಸಿನಲ್ಲಿ ಐಟಿಐ ಸೇರಿದ ಹುಡುಗಿಗೆ ಯಾವ ಬಾಗಿಲೂ ಮುಚ್ಚಿಲ್ಲ. ಇದನ್ನು ತಂದೆ ತಾಯಿಗೆ ಅರ್ಥವಾಗುವಂತೆ ಹೇಳಿದಾಗ ಅವರ ಮುಖ ಬದಲಾಗುವುದನ್ನು ನಾವು ಪ್ರತಿ ವರ್ಷ ನೋಡುತ್ತೇವೆ.

ಹಾಗೆಂದು ಎಲ್ಲರನ್ನೂ ಐಟಿಐಗೆ ಕಳುಹಿಸುವುದು ನಮ್ಮ ಕೆಲಸವಲ್ಲ. ಜೀವಶಾಸ್ತ್ರ ಇಷ್ಟಪಡುವ ಮಗು ವಿಜ್ಞಾನ ತೆಗೆದುಕೊಳ್ಳಲಿ. ಲೆಕ್ಕ ಹಿಡಿಸುವ ಮಗು ವಾಣಿಜ್ಯ ಓದಿ, ಪಿಯುಸಿ ಮುಗಿಯುತ್ತಿದ್ದಂತೆ ಸಿಎ ಓದಿನ ಮೊದಲ ಹಂತದ ಪರೀಕ್ಷೆಯಾದ ಸಿಎ ಫೌಂಡೇಷನ್ ಬರೆಯಲಿ. ಕಲಾ ವಿಭಾಗವನ್ನು ಕೀಳಾಗಿ ಕಾಣುವವರಿಗೆ ನಾವು ಹೇಳುವುದು ಇಷ್ಟು: ಚೆನ್ನಾಗಿ ಓದಿದ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಕಾನೂನು ಪದವಿಗೂ ಸ್ಪರ್ಧಾತ್ಮಕ ಪರೀಕ್ಷೆಗಳಿಗೂ ಗಟ್ಟಿ ಬುನಾದಿ. ಗಣಿತ ಬಿಟ್ಟರೆ ಯಾವ ಕೋರ್ಸುಗಳು ಕೈತಪ್ಪುತ್ತವೆ ಎಂಬುದು ಪಿಯುಸಿಯ ಕಾಂಬಿನೇಷನ್ ಆರಿಸುವ ಮೊದಲೇ ಗೊತ್ತಿರಬೇಕು. ಎರಡು ವರ್ಷ ಕಳೆದ ಮೇಲೆ ಗೊತ್ತಾದರೆ ಏನು ಪ್ರಯೋಜನ? ಅನುತ್ತೀರ್ಣರಾದ ಮಕ್ಕಳನ್ನೂ ನಾವು ಬಿಡುವುದಿಲ್ಲ. ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಎಡವಿದ ಮಗು ಗಾರ್ಮೆಂಟ್ಸ್‌ಗೆ ಸೇರುವ ಮೊದಲು ಅವರ ಮನೆಗೆ ಹೋಗಿ ಎರಡನೆಯ ಪರೀಕ್ಷೆಗೆ ಕಟ್ಟಿಸುವುದೂ ನಮ್ಮ ಕೆಲಸವೇ.

ಅತಿ ಹೆಚ್ಚು ಸಮಯ ತೆಗೆದುಕೊಳ್ಳುವುದು ಕಾಗದಪತ್ರಗಳು. ವಿದ್ಯಾರ್ಥಿವೇತನಕ್ಕೆ ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್.ಡಿ. ಸಂಖ್ಯೆ, ಅಂದರೆ ಆ ಪತ್ರದ ಗುರುತು ಸಂಖ್ಯೆ, ಬೇಕು. ಆಧಾರ್‌ನಲ್ಲಿ ಮಂಜುನಾಥ, ಶಾಲೆಯ ದಾಖಲೆಯಲ್ಲಿ ಮಂಜುನಾಥ ಕೆ. ಎಂದಿದ್ದರೆ ಅರ್ಜಿ ಅಲ್ಲಿಗೇ ನಿಂತಿತು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ ಮಂಜೂರಾದ ಹಣವೂ ಬರುವುದಿಲ್ಲ. ಎಂಟನೇ ತರಗತಿಯಲ್ಲಿ ಬರೆಯುವ ಎನ್‌ಎಂಎಂಎಸ್ (ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ) ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಅದರ ಕೊನೆಯ ದಿನಾಂಕ ದಾಟಿದರೆ ನಾಲ್ಕು ವರ್ಷದ ಹಣ ಹೋಯಿತು. ಆದ್ದರಿಂದಲೇ ನಾವು ಹತ್ತನೇ ತರಗತಿಗೆ ಕಾಯದೆ ಎಂಟನೇ ತರಗತಿಯಿಂದ ಆರಂಭಿಸುತ್ತೇವೆ.

ಯಾದಗಿರಿ, ರಾಯಚೂರು, ಕಲಬುರಗಿ ಮೂಲದ ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಆ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70, ರಾಜ್ಯದ ಉಳಿದೆಡೆ ಶೇಕಡಾ 8ರಷ್ಟು ಸೀಟುಗಳು ಮೀಸಲು. ಅರ್ಹತಾ ಪ್ರಮಾಣಪತ್ರ ಕೊಡುವುದು ಅವರ ಊರಿನ ಉಪವಿಭಾಗಾಧಿಕಾರಿಯ ಕಚೇರಿ. ಸುಂಕದಕಟ್ಟೆಯಲ್ಲಿ ಗಾರೆ ಕೆಲಸ ಮಾಡುವ ತಂದೆ ಅದಕ್ಕಾಗಿ ಕೂಲಿ ಬಿಟ್ಟು ಊರಿಗೆ ಹೋಗಿ ಬರಬೇಕು. ಯಾವ ದಾಖಲೆ ಒಯ್ಯಬೇಕೆಂದು ಮೊದಲೇ ಬರೆದು ಕೊಟ್ಟು, ಬಸ್ ಖರ್ಚನ್ನೂ ಕೊಟ್ಟು ಕಳುಹಿಸಿದರೆ ಒಂದೇ ಓಡಾಟದಲ್ಲಿ ಕೆಲಸ ಮುಗಿಯುತ್ತದೆ. ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇಕಡಾ 5ರ ಮೀಸಲಾತಿ ಇದೆ. ಕನ್ನಡ ಶಾಲೆಯಲ್ಲಿ ಓದಿದ್ದೇ ತಮ್ಮ ದೌರ್ಬಲ್ಯ ಎಂದು ತಲೆ ತಗ್ಗಿಸುವ ಮಕ್ಕಳಿಗೆ ಇದನ್ನು ಹೇಳುವುದೆಂದರೆ ನಮಗೆ ಬಹಳ ಸಂತೋಷ.

ಹೆಣ್ಣುಮಕ್ಕಳ ವಿಷಯದಲ್ಲಿ ತೀರ್ಮಾನ ಆಗುವುದು ಮನೆಯಲ್ಲಿ. ಆದ್ದರಿಂದ ಪೋಷಕರ ಭೇಟಿಯನ್ನು ಭಾನುವಾರವೇ ಇಡುತ್ತೇವೆ. ಗಾರ್ಮೆಂಟ್ಸ್‌ನ ತಾಯಂದಿರಿಗೆ ರಜೆ ಸಿಗುವುದು ಅಂದು ಮಾತ್ರ. ಲಗ್ಗೆರೆಯ ಒಬ್ಬ ತಾಯಿ ನಮ್ಮ ಮಾರ್ಗದರ್ಶಕಿಯ ಎದುರು ಕುಳಿತು, ‘ಮೇಡಂ, ಹುಡುಗಿ ಪಾನಾ, ಸ್ಪ್ಯಾನರ್ ಹಿಡಿದರೆ ನಾಳೆ ನಮ್ಮ ಊರಿನ ಕಡೆ ಏನನ್ನುತ್ತಾರೆ?’ ಎಂದು ಕೇಳಿದರು. ನಿವೃತ್ತ ಶಿಕ್ಷಕಿಯಾದ ನಮ್ಮ ಮಾರ್ಗದರ್ಶಕಿ, ‘ಅಮ್ಮಾ, ನೀವು ದಿನಕ್ಕೆ ಎಷ್ಟು ಗಂಟೆ ಹೊಲಿಗೆ ಯಂತ್ರದ ಮುಂದೆ ಕೂರುತ್ತೀರಿ? ಅದು ಕೆಟ್ಟರೆ ರಿಪೇರಿ ಮಾಡಲು ಯಾರು ಬರುತ್ತಾರೆ? ಅವರ ಸಂಬಳ ಎಷ್ಟು?’ ಎಂದು ಕೇಳಿದರು. ಆ ತಾಯಿಗೆ ಮೂರಕ್ಕೂ ಉತ್ತರ ಗೊತ್ತಿತ್ತು. ಮಾತು ಅಲ್ಲಿಂದ ಮುಂದುವರಿಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಬಿಎಂಟಿಸಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ. ಕತ್ತಲಾದ ಮೇಲಿನ ಭಯ ಉಳಿದಿದೆ. ಒಮ್ಮೆ ತಂದೆಯನ್ನೇ ಕರೆದುಕೊಂಡು ಆ ಬಸ್ಸಿನಲ್ಲಿ ಹೋಗಿ ಕಾಲೇಜು ತೋರಿಸಿ ಬಂದರೆ ಅರ್ಧ ಅಳುಕು ಹೋಗುತ್ತದೆ.

ಈಗ ಹಣದ ವಿಷಯಕ್ಕೆ ಬರುತ್ತೇವೆ. ನಮ್ಮ ಕಾರ್ಯಕ್ರಮಕ್ಕೆ ಹಣ ಕೊಡಲು ಮುಂದೆ ಬರುವವರಲ್ಲಿ ಖಾಸಗಿ ಕಾಲೇಜುಗಳವರು, ಕೋಚಿಂಗ್ ನಡೆಸುವವರು ಇದ್ದಾರೆ. ಸಭಾಂಗಣ, ಶಾಮಿಯಾನ, ಊಟ, ಮಕ್ಕಳಿಗೆ ಬ್ಯಾಗು, ಎಲ್ಲವನ್ನೂ ಕೊಡುತ್ತೇವೆ ಎನ್ನುತ್ತಾರೆ. ಬದಲಿಗೆ ಮಕ್ಕಳ ಹೆಸರು, ಫೋನ್ ಸಂಖ್ಯೆಗಳ ಪಟ್ಟಿ ಕೇಳುತ್ತಾರೆ. ಒಂದು ಸೀಟು ತುಂಬಿಸಿದರೆ ಇಷ್ಟು ಎಂದು ಕಮಿಷನ್ ಮಾತನಾಡಿದವರೂ ಇದ್ದಾರೆ. ಸೀಟು ತುಂಬಿಸಬೇಕಾದವರ ಹಣದಲ್ಲಿ ನಡೆಯುವ ಮಾರ್ಗದರ್ಶನ ಮಗುವಿನ ಪರವಾಗಿ ಇರಲು ಸಾಧ್ಯವಿಲ್ಲ. ಅಂಥ ಹಣವನ್ನು ನಾವು ತೆಗೆದುಕೊಳ್ಳುವುದಿಲ್ಲ, ಪಟ್ಟಿಯನ್ನು ಯಾರಿಗೂ ಕೊಡುವುದಿಲ್ಲ. ಆ ಹಣ ಬೇಡ ಎಂದಿರುವುದರಿಂದಲೇ ನಿಮ್ಮಂಥವರ ಹಣ ನಮಗೆ ಬೇಕಾಗಿದೆ.

ದೊಡ್ಡ ಸಭಾಂಗಣದಲ್ಲಿ ಐನೂರು ಮಕ್ಕಳನ್ನು ಕೂರಿಸಿ ಸ್ಫೂರ್ತಿ ತುಂಬುವ ಭಾಷಣ ಮಾಡಿಸುವುದು ಸುಲಭ, ಅಗ್ಗ. ಚಪ್ಪಾಳೆ ಮುಗಿದ ಮೇಲೆ ಮಗು ಯಾವ ಅರ್ಜಿಯನ್ನು ಎಲ್ಲಿ ತುಂಬಬೇಕೆಂದು ಅದರಿಂದ ತಿಳಿಯುವುದಿಲ್ಲ. ಒಂದು ಮೇಜು, ಒಂದು ಮಗು, ಜೊತೆಗೆ ಮನೆಯವರು, ಎದುರು ವಿಷಯ ಗೊತ್ತಿರುವ ಒಬ್ಬರು: ನಾವು ನಂಬಿರುವ ಕ್ರಮ ಇದು. ಖರ್ಚಿನ ಬಹುಪಾಲು ಹೋಗುವುದು ಹೀಗೆ ಕುಳಿತು ಮಾತನಾಡುವ ಮಾರ್ಗದರ್ಶಕರ ಗೌರವಧನಕ್ಕೆ. ಉಳಿದದ್ದು ಪ್ರತಿ ವರ್ಷ ತಿದ್ದಿ ಮುದ್ರಿಸುವ ಕನ್ನಡ ಕೈಪಿಡಿಗೆ, ಕಾರ್ಖಾನೆ ಹಾಗೂ ಪಾಲಿಟೆಕ್ನಿಕ್ ಭೇಟಿಯ ಬಸ್ಸಿಗೆ, ಅರ್ಜಿ ಶುಲ್ಕ ಕಟ್ಟಲಾಗದವರಿಗೆ.

ಒಂದು ಮಗುವಿನ ಒಂದು ವರ್ಷದ ಮಾರ್ಗದರ್ಶನಕ್ಕೆ 800 ರೂಪಾಯಿ ಕೊಡಿ. ಒಂದು ತರಗತಿಯ ಕಾರ್ಖಾನೆ ಭೇಟಿಯನ್ನು ಬಸ್, ಊಟ ಸೇರಿ 12,000 ರೂಪಾಯಿಗೆ ವಹಿಸಿಕೊಳ್ಳಬಹುದು. ಮನೆಯಲ್ಲಿ ಯಾರದಾದರೂ ಹುಟ್ಟುಹಬ್ಬಕ್ಕೋ ಹಿರಿಯರ ನೆನಪಿಗೋ ಶಾಲೆಯೊಂದರ ಹತ್ತನೇ ತರಗತಿಯನ್ನು ಪೂರ್ತಿಯಾಗಿ ವಹಿಸಿಕೊಳ್ಳುವವರಿಗೆ ವರ್ಷಕ್ಕೆ 60,000 ರೂಪಾಯಿ. ನೂರು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ, ಲೆಕ್ಕ ಒಪ್ಪಿಸುತ್ತೇವೆ. ಟ್ರಸ್ಟಿನ ಖಾತೆಗೆ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕವೇ ಕಳುಹಿಸಿ; 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ವಿನಾಯಿತಿ ಬೇಕಾದವರು ಪ್ಯಾನ್ ಸಂಖ್ಯೆ ತಿಳಿಸಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ಅನುಕೂಲವಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇವೆ.

ಹಣ ಕೊಡಲಾಗದವರು ಒಂದು ಶನಿವಾರ ಮಧ್ಯಾಹ್ನ ಕೊಡಿ. ನೀವು ನರ್ಸ್ ಆಗಿರಬಹುದು, ಲೈನ್‌ಮನ್ ಆಗಿರಬಹುದು, ಲ್ಯಾಬ್ ಟೆಕ್ನಿಷಿಯನ್, ಬೇಕರಿ ನಡೆಸುವವರು, ನ್ಯಾಯಾಲಯದ ಗುಮಾಸ್ತರು, ಮೆಟ್ರೊ ಚಾಲಕರು ಆಗಿರಬಹುದು. ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀರಿ, ಏನು ಓದಿದಿರಿ, ಮೊದಲ ಸಂಬಳ ಎಷ್ಟು, ಕೆಲಸದಲ್ಲಿ ಕಷ್ಟ ಯಾವುದು ಎಂಬುದನ್ನು ಮಕ್ಕಳೆದುರು ಇದ್ದದ್ದು ಇದ್ದ ಹಾಗೆ ಹೇಳಿದರೆ ಸಾಕು. ನೀವು ಓದಿದ್ದು ಇದೇ ಶಾಲೆಗಳಲ್ಲಾದರೆ ದಯವಿಟ್ಟು ತಪ್ಪದೆ ಬನ್ನಿ.

ಮುಂದಿನ ಸಾಲಿನ ಕೈಪಿಡಿ ಮಾರ್ಚ್‌ನಲ್ಲಿ ಮುದ್ರಣಕ್ಕೆ ಹೋಗಬೇಕು, ಮಾರ್ಗದರ್ಶಕರ ತರಬೇತಿ ಏಪ್ರಿಲ್‌ನಲ್ಲಿ ನಡೆಯಬೇಕು. ಫಲಿತಾಂಶ ಬಂದ ಮೇಲೆ ಪಿಯು, ಐಟಿಐ, ಡಿಪ್ಲೊಮಾ ಅರ್ಜಿಗಳ ದಿನಾಂಕಗಳು ಒಂದರ ಹಿಂದೆ ಒಂದು ಬರುತ್ತವೆ, ಆಗ ಹಣ ಹೊಂದಿಸಲು ಓಡಾಡುವ ಬಿಡುವು ಇರುವುದಿಲ್ಲ. ಆದ್ದರಿಂದ ನಿಮ್ಮ ದೇಣಿಗೆ ಫೆಬ್ರವರಿ ಮುಗಿಯುವುದರೊಳಗೆ ನಮ್ಮನ್ನು ತಲುಪಲಿ ಎಂದು ಕೋರುತ್ತೇವೆ.

ವಿಶ್ವಾಸದಿಂದ,
ಟ್ರಸ್ಟಿನ ಕಾರ್ಯದರ್ಶಿ ಮತ್ತು ಸದಸ್ಯರು
ಬೆಂಗಳೂರು