ಮಠದ ನೆಲದಲ್ಲಿದ್ದ ಬೀಸುಕಲ್ಲುಗಳು

ಲೂಟನ್, ಇಂಗ್ಲೆಂಡ್
ಭಾನುವಾರ ರಾತ್ರಿ

ಪ್ರೀತಿಯ ಅಮ್ಮ,

ನಾನು ಚೆನ್ನಾಗಿದ್ದೇನೆ. ನೀನು ಕಳಿಸಿದ ಹುರುಳಿಕಾಳು, ಚಟ್ನಿಪುಡಿ ತಲುಪಿದವು. ಪುಡಿ ಡಬ್ಬ ದಾರಿಯಲ್ಲೇ ಬಾಯಿ ಬಿಟ್ಟಿತ್ತು. ನನ್ನ ಸ್ವೆಟರ್‌ಗಳೆಲ್ಲ ಈಗ ಬೆಳ್ಳುಳ್ಳಿ ವಾಸನೆ.

ಹೋದ ವಾರ ಫೋನಿನಲ್ಲಿ ನೀನು ಹೇಳಿದ್ದು ತಲೆಯಲ್ಲೇ ಕೂತಿದೆ. ಹಿತ್ತಲಿಗೆ ಕಾಂಕ್ರೀಟ್ ಹಾಕಿಸುವಾಗ ಅಜ್ಜಿಯ ಬೀಸುಕಲ್ಲನ್ನು ನಲ್ಲಿ ಹತ್ತಿರ ಮೆಟ್ಟಿಲಿಗೆ ಕೂರಿಸೋಣ ಅಂತ ಮೇಸ್ತ್ರಿ ಹೇಳಿದನಂತೆ, ಅಪ್ಪನೂ ಹೂಂ ಅಂದರಂತೆ. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ಅಪ್ಪ ಮಧ್ಯದಲ್ಲೇ 'ಸರಿ ಸರಿ' ಅಂತ ಇಟ್ಟುಬಿಡುತ್ತಾರೆ.

ನಿನ್ನೆ ಸೇಂಟ್ ಆಲ್ಬನ್ಸ್‌ಗೆ ಹೋಗಿದ್ದೆ. ಇಲ್ಲಿಂದ ರೈಲಿನಲ್ಲಿ ಕಾಲು ಗಂಟೆ. ಅಲ್ಲೊಂದು ದೊಡ್ಡ ಚರ್ಚ್ ಇದೆ. ಪಕ್ಕದ ಹಾಳು ರೋಮನ್ ಪಟ್ಟಣದ ಇಟ್ಟಿಗೆಗಳನ್ನು ತಂದು ಅದರ ಗೋಪುರ ಕಟ್ಟಿದ್ದಾರೆ. ಹಿಂದೆ ಅದು ಬೆನೆಡಿಕ್ಟೈನ್ ಅನ್ನುವ ಕ್ರೈಸ್ತ ಪಂಥದ ಸನ್ಯಾಸಿಗಳ ಮಠ. ಮಠ ಅಂದರೆ ಜಪತಪ ಮಾತ್ರ ಅಂದುಕೊಳ್ಳಬೇಡ. ಊರಿಗೆ ಊರೇ ಅದರದ್ದು. ಹೊಲ ಅದರದ್ದು, ಕಾಡು ಅದರದ್ದು, ಕೊಳದ ಮೀನು, ಬಯಲಿನ ಮೊಲ ಕೂಡ ಅದರದ್ದೇ. ಹಿಟ್ಟು ಬೇಕಾದರೆ ಮಠದ ಗಿರಣಿಗೇ ಹೋಗಬೇಕು, ಬೀಸಿದ್ದರಲ್ಲಿ ಒಂದು ಪಾಲು ಅಲ್ಲೇ ಬಿಟ್ಟು ಬರಬೇಕು. ಮನೆಯಲ್ಲಿ ಬೀಸುಕಲ್ಲು ಇಟ್ಟುಕೊಳ್ಳುವುದೇ ತಪ್ಪು!

ಜನ ಸುಮ್ನೆ ಇರುತ್ತಾರಾ? ಕದ್ದು ಬೀಸಿಕೊಂಡರು. 1327ರಲ್ಲಿ ಗಲಾಟೆ ಮಾಡಿ ಒಂದಷ್ಟು ಹಕ್ಕು ಬರೆಸಿಕೊಂಡರು. ಅದೇ ವರ್ಷ ಹೊಸ ಮಠಾಧಿಪತಿ ಬಂದ. ಹೆಸರು ರಿಚರ್ಡ್ ಆಫ್ ವಾಲಿಂಗ್‌ಫರ್ಡ್. ಬಹಳ ಬುದ್ಧಿವಂತ. ಸೂರ್ಯ, ಚಂದ್ರರ ಚಲನೆ ತೋರಿಸುವ ಗಡಿಯಾರ ಮಾಡಿಸಿದವನು. ಅದರ ಪ್ರತಿಕೃತಿಯನ್ನು ಈಗಲೂ ಚರ್ಚ್‌ನೊಳಗೆ ನೋಡಬಹುದು. ಪಾಪ, ಕುಷ್ಠರೋಗ ಬೇರೆ ಬಂದಿತ್ತು ಅವನಿಗೆ. ಆದರೆ ಊರವರ ವಿಷಯದಲ್ಲಿ ಕಲ್ಲು. ಬರೆಸಿಕೊಂಡ ಹಕ್ಕು ವಾಪಸ್ ಕಿತ್ತುಕೊಂಡ. ಮನೆಮನೆಯ ಬೀಸುಕಲ್ಲುಗಳನ್ನೂ ಹೊರಿಸಿಕೊಂಡು ಬಂದ. ಬಂದು ಏನು ಮಾಡಿದ ಗೊತ್ತಾ? ಮಠದ ಪಾರ್ಲರ್ ನೆಲಕ್ಕೆ ಹಾಸಿಸಿದ. ಪಾರ್ಲರ್ ಅಂದರೆ ನಿಮ್ಮ ಬ್ಯೂಟಿ ಪಾರ್ಲರ್ ಅಲ್ಲ, ಮಾತಾಡುವ ಕೋಣೆ. ಹೆಂಗಸರು ಕೂತು ಬೀಸಿದ ಕಲ್ಲಿನ ಮೇಲೆ ದಿನಾ ಸನ್ಯಾಸಿಗಳ ಓಡಾಟ. ಇವನೇನು ದೊಡ್ಡ ಮನೆತನದವನೂ ಅಲ್ಲಮ್ಮ, ಕಮ್ಮಾರನ ಮಗ. ನನಗೆ ಅದೇ ಜಾಸ್ತಿ ಚುಚ್ಚಿದ್ದು.

ಆ ಕಲ್ಲುಗಳು ಸುಮಾರು 50 ವರ್ಷ ಹಾಗೇ ಇದ್ದವು.

ಅಷ್ಟರಲ್ಲಿ 1348ರಲ್ಲಿ ಪ್ಲೇಗ್ ಬಂತು. ಇಂಗ್ಲೆಂಡಿನಲ್ಲಿ ಮೂರರಲ್ಲಿ ಒಂದು ಪಾಲಿಗೂ ಮೀರಿ ಜನ ಹೋದರು ಅನ್ನುತ್ತಾರೆ. ಈ ಮಠದಲ್ಲೂ ಆಗಿನ ಗುರು ಸತ್ತ, ಹತ್ತಾರು ಸನ್ಯಾಸಿಗಳೂ ಸತ್ತರು. ಉಳಿದ ಆಳುಗಳಿಗೆ ಬೆಲೆ ಬಂತು, ಜಾಸ್ತಿ ಕೂಲಿ ಕೇಳಿದರು. ಒಡೆಯರು 1351ರಲ್ಲಿ ಕಾನೂನೇ ಮಾಡಿಬಿಟ್ಟರು: ಪ್ಲೇಗಿಗೆ ಮುಂಚೆ ಎಷ್ಟಿತ್ತೋ ಅಷ್ಟೇ ಕೂಲಿ. ಅದರ ಮೇಲೆ ಫ್ರಾನ್ಸ್ ಜೊತೆಗಿನ ಯುದ್ಧಕ್ಕೆ ತಲೆಗಂದಾಯ. 1377ರಲ್ಲಿ ತಲೆಗೆ 4 ಪೆನ್ನಿ, 1381ರ ಹೊತ್ತಿಗೆ 12. ಜನ ಎದ್ದರು. ವಾಟ್ ಟೈಲರ್ ಅನ್ನುವವನ ಹಿಂದೆ ಲಂಡನ್ನಿಗೆ ನುಗ್ಗಿದರು. ಬೈಬಲಿನ ಮೊದಲ ಗಂಡಸು ಆದಮ್ ಅಗೆಯುವಾಗ, ಮೊದಲ ಹೆಂಗಸು ಈವ್ ನೂಲುವಾಗ ಒಡೆಯ ಯಾರಿದ್ದ ಅಂತ ಜಾನ್ ಬಾಲ್ ಅನ್ನುವ ಪಾದ್ರಿ ಬಯಲಿನಲ್ಲಿ ನಿಂತು ಕೇಳಿದನಂತೆ. ರಾಜ ಎರಡನೆಯ ರಿಚರ್ಡ್‌ಗೆ ಆಗ 14 ವರ್ಷ. ಹೆದರಿ, ಕೇಳಿದ್ದೆಲ್ಲ ಕೊಡುತ್ತೇನೆ ಅಂದ.

ಸೇಂಟ್ ಆಲ್ಬನ್ಸ್‌ನವರೂ ಲಂಡನ್ನಿಗೆ ಹೋಗಿ, ಮಠ ಅವರ ಹಕ್ಕು ವಾಪಸ್ ಕೊಡಬೇಕು ಅನ್ನುವ ರಾಜನ ಓಲೆ ತಂದರು. ವಿಲಿಯಂ ಗ್ರಿಂಡ್‌ಕಾಬ್ ಅವರ ಮುಂದಾಳು. ಮಠದ ಬೇಲಿ, ಗೇಟು ಮುರಿದರು. ಒಂದು ಮೊಲವನ್ನು ಜೀವಂತ ಹಿಡಿದು, ಊರ ನಡುವೆ ತಪ್ಪಿತಸ್ಥರನ್ನು ಕಟ್ಟುವ ಕಂಬದ ಹತ್ತಿರ ಎತ್ತಿ ನಿಲ್ಲಿಸಿದರು. ಇನ್ನು ಮೇಲೆ ಬೇಟೆ ನಮ್ಮದೂ ಅಂತ ಅದರ ಅರ್ಥ. ಆಮೇಲೆ ನೆಟ್ಟಗೆ ಪಾರ್ಲರ್‌ಗೆ ಹೋಗಿ ನೆಲ ಅಗೆದರು. ಅಜ್ಜ ಮುತ್ತಜ್ಜಿಯರ ಬೀಸುಕಲ್ಲುಗಳನ್ನು ಹೊರಗೆ ತಂದು, ಒಡೆದು, ಒಬ್ಬೊಬ್ಬರಿಗೂ ಒಂದೊಂದು ಚೂರು ಹಂಚಿದರು. ಭಾನುವಾರ ಚರ್ಚ್‌ನಲ್ಲಿ ಪ್ರಸಾದದ ರೊಟ್ಟಿ ಹಂಚುವ ಹಾಗೆ.

ಇದನ್ನು ಬರೆದಿಟ್ಟವನು ಥಾಮಸ್ ವಾಲ್ಸಿಂಗಮ್, ಅದೇ ಮಠದ ಸನ್ಯಾಸಿ. ದಂಗೆಯವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಬೈಯಲು ಹೋಗಿ ಆ ರೊಟ್ಟಿಯ ಮಾತು ಬರೆದುಬಿಟ್ಟ. ಅದನ್ನು ಓದಿ ನಾನು ಅಲ್ಲೇ ಒಂದು ಬೆಂಚಿನ ಮೇಲೆ ಕೂತುಬಿಟ್ಟೆ.

ಆಮೇಲಿನದು ನೀನೇ ಊಹಿಸಬಹುದು. ರಾಜ ಮಾತು ತಪ್ಪಿದ. ಜಾನ್ ಬಾಲ್‌ನನ್ನು ಜುಲೈ 15ರಂದು ಇದೇ ಊರಿನಲ್ಲಿ ಕೊಂದರು. ಗ್ರಿಂಡ್‌ಕಾಬ್‌ನನ್ನೂ ನೇಣಿಗೆ ಹಾಕಿದರು. ಓಲೆ ವಾಪಸ್ ಹೋಯಿತು. ಆದರೆ ಆಳುಗಳ ಕೊರತೆ ಹಾಗೇ ಇತ್ತಲ್ಲ, ಮುಂದಿನ ನೂರು ವರ್ಷದಲ್ಲಿ ಒಡೆಯರಿಗೆ ಕಟ್ಟುಬಿದ್ದು ದುಡಿಯುವ ಆ ಜೀತ ತಾನಾಗಿಯೇ ಸವೆದುಹೋಯಿತು. 1539ರಲ್ಲಿ ಎಂಟನೆಯ ಹೆನ್ರಿ ಮಠವನ್ನೇ ಮುಚ್ಚಿಸಿದ. 1553ರಲ್ಲಿ ಊರವರು ಆ ಚರ್ಚನ್ನು 400 ಪೌಂಡಿಗೆ ಕೊಂಡುಕೊಂಡರು! ಆ ಕಾಲದ ಕಟ್ಟಡಗಳಲ್ಲಿ ಚರ್ಚ್ ಬಿಟ್ಟರೆ ದೊಡ್ಡ ಹೆಬ್ಬಾಗಿಲೊಂದು ನಿಂತಿದೆ. ಉಳಿದ ಕಡೆ ಹುಲ್ಲು. ನಿನ್ನೆ ಅಲ್ಲಿ ಮಕ್ಕಳು ಚೆಂಡಾಡುತ್ತಿದ್ದರು.

ಅಜ್ಜಿ ನೆನಪಾದಳು. ಚಿಕ್ಕವನಿದ್ದಾಗ ನಾನು ಬೀಸುಕಲ್ಲಿನ ಮೇಲೆ ಕಾಲಿಟ್ಟರೆ 'ಅನ್ನದ ಕಲ್ಲು ಕಣೋ' ಅಂತ ಗದರಿ, ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರೆಗೆ ಬಿಡುತ್ತಿರಲಿಲ್ಲ, ಅಲ್ವಾ?

ಅಪ್ಪನಿಗೆ ಇದನ್ನು ಪೂರ್ತಿ ಓದಿ ಹೇಳು. ಮೆಟ್ಟಿಲಿಗೆ ಕಡಪ ಕಲ್ಲು ತರಿಸಲಿ, ದುಡ್ಡು ನಾನು ಹಾಕುತ್ತೇನೆ. ಬೀಸುಕಲ್ಲನ್ನು ಅಡುಗೆಮನೆ ಮೂಲೆಗೆ ಸರಿಸಿ. ಗೂಟಕ್ಕೆ ಹುಳ ಹಿಡಿದಿದ್ದರೆ ಹಾಗೇ ಇರಲಿ, ಬಂದಾಗ ಹೊಸದು ಮಾಡಿಸುತ್ತೇನೆ.

ನಿನ್ನ
ಮಗ